ಮೈಕಿನ ಗುಂಡಿಗಳಲ್ಲಿ ಅಡಿಗೆಮನೆ ಎಲ್ಲಿದೆ?



ದೊಡ್ಡ ಹೋಟೆಲುಗಳ ಟೆಲಿಫೋನ್ ಕೋಣೆಯ ಮೇಜಿನ ಮೇಲೆ ಒಂದು ಮೈಕು ಇರುತ್ತದೆ. ಅದರ ಬುಡದಲ್ಲಿ ಸಾಲು ಗುಂಡಿಗಳು. ಒಂದೊಂದು ಗುಂಡಿಗೆ ಕಟ್ಟಡದ ಒಂದೊಂದು ಭಾಗ. ಅದನ್ನು ಜೋನ್ ಎನ್ನುತ್ತಾರೆ. ಲಾಬಿಯ ಗುಂಡಿ ಒತ್ತಿ ಮಾತಾಡಿದರೆ ಲಾಬಿಗಷ್ಟೇ ಕೇಳುತ್ತದೆ, ಮದುವೆ ನಡೆಯುವ ಸಭಾಂಗಣಕ್ಕೆ ಕೇಳುವುದಿಲ್ಲ. ಒಳ್ಳೆಯ ಸಲಕರಣೆಯೇ ಸರಿ. ಆದರೆ ಯಾವ ಗುಂಡಿಗೆ ಯಾವ ಜಾಗವೆಂದು ಗೊತ್ತುಮಾಡುವಾಗ ಯಾರನ್ನು ಕೇಳುತ್ತಾರೆ? ನನ್ನ ತಕರಾರು ಇಷ್ಟೇ.

ಕಂತ್ರಾಟುದಾರನ ಮನುಷ್ಯ ಬಂದು ಮ್ಯಾನೇಜರರ ಎದುರು ನಕ್ಷೆ ಬಿಚ್ಚುತ್ತಾನೆ. ಲಾಬಿ, ಈಜುಕೊಳ, ಸಭಾಂಗಣ, ಅತಿಥಿಗಳ ಪಡಸಾಲೆ, ಎಲ್ಲಕ್ಕೂ ಗುಂಡಿ ಸಿಗುತ್ತದೆ. ಅಡಿಗೆಮನೆ, ಪಾತ್ರೆ ತೊಳೆಯುವ ಮೋರಿ, ಲಾಂಡ್ರಿ, ಉಗ್ರಾಣ, ನಮ್ಮವರು ಬಟ್ಟೆ ಬದಲಿಸುವ ಕೋಣೆ, ಇವೆಲ್ಲಕ್ಕೂ ಸೇರಿ ಕೊನೆಗೊಂದು ಗುಂಡಿ ಉಳಿದರೆ ಪುಣ್ಯ. ನಾನು ಹಿಂದೆ ದುಡಿದ ಒಂದು ಹೋಟೆಲಿನಲ್ಲಿ ಆ ಗುಂಡಿಯಿಂದ ಬರುತ್ತಿದ್ದ ಮಾತು ಒಂದೇ: ಇಂಥವನು ಕೂಡಲೇ ಟೈಮ್ ಆಫೀಸಿಗೆ ಬರತಕ್ಕದ್ದು! ಮೋರಿಯ ಬಳಿ ಸ್ಪೀಕರೇ ಇರಲಿಲ್ಲ; ಅಲ್ಲಿಯ ಹುಡುಗರಿಗೆ ಆ ಬೈಗುಳವೂ ಕೇಳುತ್ತಿರಲಿಲ್ಲ.

"ಎಲ್ಲರನ್ನೂ ಕರೆಯುವ ಗುಂಡಿ ಇದೆಯಲ್ಲ" ಎನ್ನುತ್ತಾರೆ ಮಾಲಿಕರು. ಇದೆ. ಆದರೆ ಆ 'ಎಲ್ಲರು' ಯಾರು? ತಂತಿ ಎಳೆದ ಜಾಗದವರು ಮಾತ್ರ. ಈಗಿನ ಕಂಪ್ಯೂಟರಿನಿಂದ ಹೊಂದಿಸುವ ಮೈಕುಗಳಲ್ಲಾದರೆ, ಪಟ್ಟಿಯಲ್ಲಿ ಗುರುತು ಬಿದ್ದ ಜಾಗದವರು ಮಾತ್ರ. ಇನ್ನು ಗೋಡೆಯ ಮೇಲೆ ಸದ್ದು ತಗ್ಗಿಸುವ ತಿರುಪು ಬೇರೆ. ಅದನ್ನು ಯಾರಾದರೂ ಪೂರ್ತಿ ತಗ್ಗಿಸಿಟ್ಟರೆ, ತುರ್ತು ಕರೆಯನ್ನು ತಿರುಪು ದಾಟಿಸುವ ರಿಲೇ ಇಲ್ಲದ ಕಡೆ ಬೆಂಕಿಯ ಕೂಗೂ ಕೇಳದು. ಅದಕ್ಕೆ ಹೆಚ್ಚಿನ ತಂತಿ ಬೇಕು. ಖರ್ಚು ಉಳಿಸುವವರು ಬಿಡುವುದು ಇದನ್ನೇ.

2017ರ ಡಿಸೆಂಬರ್ 29ರಂದು ಮುಂಬಯಿಯ ಕಮಲಾ ಮಿಲ್ಸ್ ಆವರಣದ ಬೆಂಕಿಯಲ್ಲಿ 14 ಜನ ಸತ್ತರು, ಬಹಳ ಮಂದಿ ಶೌಚಾಲಯದೊಳಗೆ ಉಸಿರುಗಟ್ಟಿ. 2019ರ ಫೆಬ್ರವರಿ 12ರ ಬೆಳಗಿನ ಜಾವ ದೆಹಲಿಯ ಕರೋಲ್ ಬಾಗಿನ ಹೋಟೆಲೊಂದರಲ್ಲಿ 17 ಜನ. ಹೊಗೆಗೆ ಯಾರೂ ಗುಂಡಿ ಒತ್ತಬೇಕಾಗಿಲ್ಲ, ಅದು ಎಲ್ಲ ಜೋನಿಗೂ ಹೋಗುತ್ತದೆ.

ರಾತ್ರಿ ಹತ್ತರ ಮೇಲೆ ಕಾನೂನು ಬಿಡುವುದಿಲ್ಲವೆಂದು ಕೆಲವರು ನಮಗೆ ಪಾಠ ಹೇಳಬರುತ್ತಾರೆ. 2000ದ ಶಬ್ದಮಾಲಿನ್ಯ ನಿಯಮಗಳನ್ನು ಅವರು ಓದಲಿ: ಮುಚ್ಚಿದ ಕಟ್ಟಡದೊಳಗಿನ ಸಂಪರ್ಕಕ್ಕೂ ಸಾರ್ವಜನಿಕ ತುರ್ತಿಗೂ ಅಲ್ಲಿ ವಿನಾಯಿತಿ ಇದೆ. ಅತಿಥಿಗಳ ನಿದ್ದೆ ಕೆಡುತ್ತದೆಂಬುದು ಇನ್ನೊಂದು ನೆಪ. ನಿದ್ದೆ ಕೆಡಬಾರದೆಂದೇ ಅಲ್ಲವೇ ಜೋನ್ ಮಾಡಿದ್ದು?

ಸದ್ದು ಸಾಲದಿದ್ದರೆ ವಾಟ್ ಏರಿಸುತ್ತೇವೆ ಎನ್ನುವವರಿದ್ದಾರೆ. 6 ವಾಟನ್ನು 12 ಮಾಡಿದರೆ ಏರುವುದು 3 ಡೆಸಿಬೆಲ್ ಅಷ್ಟೇ. ಬೆಂಕಿಯ ಎಚ್ಚರಿಕೆ ಸದ್ದು ಸುತ್ತಲಿನ ಸರಾಸರಿ ಗದ್ದಲಕ್ಕಿಂತ 15 ಡೆಸಿಬೆಲ್ ಮೇಲಿರಬೇಕೆಂದು ಅಮೆರಿಕದ ಎನ್.ಎಫ್.ಪಿ.ಎ. 72 ಎಂಬ ಸಂಹಿತೆ ಹೇಳುತ್ತದೆ. ಗದ್ದಲದಷ್ಟೇ ಇರುವ ಸದ್ದನ್ನು ಅಲ್ಲಿಗೇರಿಸಲು ಸುಮಾರು 32 ಪಟ್ಟು ವಾಟ್ ಬೇಕು! ಕೆಲಸ ಮಾಡುವವನ ಹತ್ತಿರಕ್ಕೆ ಇನ್ನೊಂದು ಸ್ಪೀಕರ್ ತರುವುದೇ ಸುಲಭ. ಪರೀಕ್ಷೆಯನ್ನೂ ಮಧ್ಯಾಹ್ನ ಮೂರೂವರೆಗೆ, ಒಲೆ ತಣ್ಣಗಿರುವಾಗ ಮಾಡಕೂಡದು. ಊಟದ ಹೊತ್ತಿನಲ್ಲಿ, ಹೊಗೆ ಎಳೆಯುವ ಫ್ಯಾನೂ ಪಾತ್ರೆಯ ಮೆಷೀನೂ ತಿರುಗುತ್ತಿರುವಾಗ ಮಾಡಬೇಕು. ಕೇಳಿಸಿತೇ ಎಂದು ಮೋರಿಯ ಹುಡುಗನನ್ನೇ ಕೇಳಬೇಕು, ಅವನ ಭಾಷೆಯಲ್ಲೇ ಕೇಳಬೇಕು. ಇಂಗ್ಲಿಷಿನಲ್ಲಷ್ಟೇ ಅಚ್ಚುಮಾಡಿಟ್ಟ ಎಚ್ಚರಿಕೆ ಅವನಿಗೆ ಇನ್ನೊಂದು ಗದ್ದಲ, ಅಷ್ಟೆ.

ಸ್ಪೀಕರ್ ಬಂದರೆ ಮೇಸ್ತ್ರಿಯ ಚಾಟಿಯೂ ಬರುತ್ತದೆಂದು ನಮ್ಮವರೇ ಕೆಲವರು ಹೆದರುತ್ತಾರೆ. ಆ ಹೆದರಿಕೆ ಸುಳ್ಳಲ್ಲ. ಅದಕ್ಕೇ ಎರಡು ಷರತ್ತು ಬರೆಸಿಕೊಳ್ಳಬೇಕು: ಹೆಸರು ಹಿಡಿದು ಒಬ್ಬನನ್ನು ಕರೆಯುವುದು ಟೆಲಿಫೋನಿನಲ್ಲಿ, ಮೈಕಿನಲ್ಲಿ ಅಲ್ಲ, ಬೆಂಕಿಯ ಕರೆಗೆ ಮ್ಯಾನೇಜರರ ಮೈಕಿಗಿಂತಲೂ, ಲಾಬಿಯ ಸಂಗೀತಕ್ಕಿಂತಲೂ ಮೇಲಿನ ಆದ್ಯತೆ.

ಹೊಸ ಮೈಕು ಕೂರಿಸುತ್ತಿರುವ ಹೋಟೆಲುಗಳ ನಮ್ಮ ಸೋದರ ಸೋದರಿಯರು, ಕಂತ್ರಾಟುದಾರ ನಕ್ಷೆ ಬಿಚ್ಚುವ ಮುಂಚೆಯೇ ತಾವು ದುಡಿಯುವ ಜಾಗಗಳ ಪಟ್ಟಿ ಬರೆದು ಮ್ಯಾನೇಜರರಿಗೆ ಕೊಟ್ಟು ಸಹಿ ಪಡೆಯಿರಿ. ಒಂದು ಪ್ರತಿ ಸಂಘದ ಕಚೇರಿಗೆ ಬರಲಿ. ಉಗ್ರಾಣವನ್ನೂ ಶೌಚಾಲಯವನ್ನೂ ಪಟ್ಟಿಯಲ್ಲಿ ಬಿಡಬೇಡಿ.