ಗುರುಗಳನ್ನು ಕರೆಯಲು ತಡವೇಕೆ?



ಬಿಳೇಕಹಳ್ಳಿಯ ನಮ್ಮ ಮನೆಯಿಂದ ಬನ್ನೇರುಘಟ್ಟ ರಸ್ತೆಗೆ ಬಂದರೆ ಆಂಬುಲೆನ್ಸಿನ ಕೂಗು ಕಿವಿಗೆ ಬೀಳದ ದಿನವಿಲ್ಲ. ಅದನ್ನು ಕೇಳಿದಾಗಲೆಲ್ಲ, ನಿಮ್ಮಲ್ಲಿ ಹಲವರಿಗೆ ಗಣಿತ ಕಲಿಸಿದ ನನ್ನ ಸಹೋದ್ಯೋಗಿ ಮೇಷ್ಟ್ರು ನೆನಪಾಗುತ್ತಾರೆ. ಅವರು ಕಥೋಲಿಕ ಕ್ರೈಸ್ತರು. ಕಡೆಯ ಬಾರಿ ಆಸ್ಪತ್ರೆ ಸೇರಿದಾಗ, "ನಮ್ಮ ಫಾದರ್‌ಗೆ ಒಂದು ಮಾತು ತಿಳಿಸಿ" ಎಂದು ನನ್ನೊಡನೆ ಎರಡು ಸಲ ಅಂದಿದ್ದರು. ಮನೆಯವರು ಹಿಂಜರಿದರು. ಗುರುಗಳು ಬಂದು ಎಣ್ಣೆ ಹಚ್ಚಿದರೆ ಕಾಲ ಮುಗಿಯಿತೆಂದು ರೋಗಿಯು ಧೈರ್ಯಗೆಡುವರೆಂಬ ಭಯ ಅವರದು. ಅನ್ಯಧರ್ಮೀಯನಾದ ನಾನೂ ಬಲ್ಲವನಂತೆ, "ಎರಡು ದಿನ ನೋಡೋಣ" ಎಂದುಬಿಟ್ಟೆ. ಕೊನೆಗೆ ಗುರುಗಳು ಬಂದಾಗ ಮೇಷ್ಟ್ರಿಗೆ ಪ್ರಜ್ಞೆಯಿರಲಿಲ್ಲ.

ಆ ಕೊರಗಿನಿಂದಲೇ ಈ ವಿಷಯವನ್ನು ಓದತೊಡಗಿದೆ. ಹೊಸ ಒಡಂಬಡಿಕೆಯ ಯಕೋಬನ ಪತ್ರಿಕೆಯ ಐದನೆಯ ಅಧ್ಯಾಯವು, ಕಾಯಿಲೆ ಬಿದ್ದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎನ್ನುತ್ತದೆ. ಅಲ್ಲಿ ಸಾವಿನ ಮಾತಿಲ್ಲ. ಇರುವುದು ಚೇತರಿಕೆಯ ಮಾತು. ಕಾಲಾನಂತರದಲ್ಲಿ ಅದು ಸಾಯುವವರಿಗೆ ಮಾತ್ರ ಸಲ್ಲುವ 'ಕಡೆಯ ಅಭ್ಯಂಗ'ವಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಇದನ್ನು 'ರೋಗಿಗಳ ಅಭ್ಯಂಗ'ವೆಂದು ಕರೆಯುವುದೇ ಹೆಚ್ಚು ಯುಕ್ತವೆಂದಿತು. 1972ರಲ್ಲಿ ಪೋಪ್ ಆರನೆಯ ಪೌಲರು ಪರಿಷ್ಕೃತ ವಿಧಿಯನ್ನು ಜಾರಿಗೆ ತಂದರು. ಹೆಸರು ಬದಲಾಗಿ ಅರ್ಧ ಶತಮಾನ ಕಳೆದರೂ ಮನೆಗಳಲ್ಲಿನ ಭಯ ಬದಲಾಗಿಲ್ಲ.

ಪ್ರಾಟೆಸ್ಟೆಂಟರು ತಮ್ಮ ಗುರುಗಳನ್ನು 'ಸಭಾಪಾಲಕ'ರೆನ್ನುತ್ತಾರೆ. ಎಷ್ಟು ಸೊಗಸಾದ ಪದ! ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಅರಸಿ ಹೊರಟ ಕುರುಬನ ಸಾಮತಿಯೇ ಅದರ ಹಿನ್ನೆಲೆ. ಪಾಲಕನ ಕೆಲಸ ಬೋಧನೆಯೊಂದೇ ಅಲ್ಲ, ಹುಡುಕಿಕೊಂಡು ಹೋಗುವುದೂ ಹೌದು. ಕೋರಮಂಗಲದ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಈ ಸೇವೆಗೆಂದೇ ಒಂದು ವಿಭಾಗವಿರುವುದು ಮೆಚ್ಚತಕ್ಕ ಸಂಗತಿ.

ಹೋದವರು ಏನು ಮಾಡಬೇಕು? ಯೋಬನ ಗ್ರಂಥದಲ್ಲಿ ಉತ್ತರವಿದೆ. ಎಲ್ಲವನ್ನೂ ಕಳೆದುಕೊಂಡ ಯೋಬನ ಬಳಿ ಮೂವರು ಗೆಳೆಯರು ಏಳು ದಿನ, ಏಳು ರಾತ್ರಿ ಮೌನವಾಗಿ ಕುಳಿತರು. ಅಲ್ಲಿಯವರೆಗೆ ಅವರು ನಿಜವಾದ ಗೆಳೆಯರು. ಬಾಯಿ ತೆರೆದು ಅವನ ಕಷ್ಟಕ್ಕೆ ಕಾರಣ ವಿವರಿಸತೊಡಗಿದಾಗ ಅವನ ನೋವನ್ನು ಇಮ್ಮಡಿಗೊಳಿಸಿದರು. ನಲವತ್ತು ನಿಮಿಷದ ಪಾಠಕ್ಕೆ ಒಗ್ಗಿದ ನನ್ನಂಥ ಮೇಷ್ಟರಿಗೆ ಈ ಮೌನ ಬಲು ಕಠಿಣವಾದ ಪಾಠ.

ನನ್ನ ಅಭಿಪ್ರಾಯವಿಷ್ಟೇ. ಗುರುಗಳು ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬೇಕಾದವರು ಹಾಸಿಗೆಯ ಮೇಲಿರುವವರೇ ಹೊರತು ಸುತ್ತ ನಿಂತ ನಾವಲ್ಲ. ಅವರನ್ನು ಕಾಪಾಡುವ ನೆಪದಲ್ಲಿ ನಾವು ಕಾಪಾಡಿಕೊಳ್ಳುವುದು ನಮ್ಮ ಅಂಜಿಕೆಯನ್ನೇ. ನಿಮ್ಮ ಮನೆಯಲ್ಲಿ ಯಾರಾದರೂ ತಮ್ಮ ಗುರುಗಳನ್ನು ಕೇಳಿದರೆ, ಅವರು ಯಾವ ಧರ್ಮದವರೇ ಆಗಿರಲಿ, ಅಂದೇ ಕರೆಸಿರಿ. "ಎರಡು ದಿನ ನೋಡೋಣ" ಎನ್ನಬೇಡಿ. ಹಾಗೆ ಅಂದವನೊಬ್ಬನ ಮಾತಿದು.