ಎತ್ತು ಬದಲಾದರೂ ಹೊಲ ನಮ್ಮದೇ ಇರಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಈಗ ವಿಡಿಯೊ ಎಡಿಟ್ ಮಾಡುವವರಿಗೆ ಬರವಿಲ್ಲ. ಮದುವೆ ಶೂಟಿಂಗ್ ಮಾಡುವವರು, ಜಾತ್ರೆಯ ರೀಲ್ಸ್ ಹಾಕುವವರು, ಭಜನಾ ಪದಗಳನ್ನು ಯೂಟ್ಯೂಬಿಗೆ ಏರಿಸುವವರು, ಊರ ಸುದ್ದಿ ಮಾಡುವವರು, ಎಲ್ಲರೂ ಕತ್ತರಿ ಹಿಡಿದವರೇ. ಆದರೆ ಒಂದು ಆ್ಯಪ್‌ನಲ್ಲಿ ಕೈ ಕುದುರಿತು ಅನ್ನುವಷ್ಟರಲ್ಲಿ ಅದು ಬಂದ್ ಆಗುತ್ತದೆ, ಇಲ್ಲವೇ ದುಡ್ಡು ಕೇಳುತ್ತದೆ. ಅದೂ ಇಲ್ಲದಿದ್ದರೆ ಕೆಲಸ ದೊಡ್ಡದಾಗಿ, ಫೋನ್ ಸಾಲದೆ ಲ್ಯಾಪ್‌ಟಾಪ್‌ಗೆ ಹೋಗಬೇಕಾಗುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಹೊಸಾದು ಕೈಗೆ ಹತ್ತವಲ್ತು.’

ನನ್ನ ಅಭಿಪ್ರಾಯ ಬೇರೆ. ಕೈಗೆ ಹತ್ತದೇ ಇರುವುದು ದೊಡ್ಡ ಸಮಸ್ಯೆ ಅಲ್ಲ, ಹದಿನೈದು ದಿನಕ್ಕೆ ಯಾವ ಸಾಫ್ಟ್‌ವೇರ್ ಆದರೂ ಹತ್ತುತ್ತದೆ. ನಮ್ಮ ಕೆಲಸವನ್ನೆಲ್ಲ ಆ್ಯಪ್ ಹೊಟ್ಟೆಯೊಳಗೇ ಇಟ್ಟುಬಿಟ್ಟಿರುತ್ತೇವಲ್ಲ, ಅದು ಸಮಸ್ಯೆ. ಎತ್ತು ಬದಲಿಸಿದಾಗ ಹೊಲವೂ ಹೋಯಿತು ಅಂದರೆ ಅದು ಎತ್ತಿನ ತಪ್ಪಲ್ಲ.

ಬದಲಾವಣೆ ತಪ್ಪಿದ್ದಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್ ನಿಷೇಧಿಸಿತು. ಎಲ್ಲರೂ ಟಿಕ್‌ಟಾಕ್ ಬಗ್ಗೆಯೇ ಮಾತಾಡಿದರು, ಆದರೆ ಅದೇ ಪಟ್ಟಿಯಲ್ಲಿ ವೀವಾವಿಡಿಯೊ ಅನ್ನುವ ಎಡಿಟಿಂಗ್ ಆ್ಯಪ್ ಕೂಡ ಇತ್ತು. ದೊಡ್ಡ ಕಂಪನಿಗಳದೂ ಇದೇ ಕಥೆ. 2011ರಲ್ಲಿ ಆ್ಯಪಲ್ ಹೊಸ ಫೈನಲ್ ಕಟ್ ಬಿಟ್ಟಾಗ ಹಳೆಯ ಫೈನಲ್ ಕಟ್‌ನ ಪ್ರಾಜೆಕ್ಟ್‌ಗಳು ಅದರಲ್ಲಿ ತೆರೆಯಲೇ ಇಲ್ಲ, ಸಿನಿಮಾ ಎಡಿಟರ್‌ಗಳೇ ತಲೆ ಮೇಲೆ ಕೈ ಹೊತ್ತರು. 2013ರಲ್ಲಿ ಅಡೋಬಿ ಕಂಪನಿ ಪ್ರೀಮಿಯರ್‌ನ ಹೊಸ ಆವೃತ್ತಿಗಳನ್ನು ಬಾಡಿಗೆ ಲೆಕ್ಕಕ್ಕೆ ಹಾಕಿತು. 2017ರ ಜನವರಿಯಲ್ಲಿ ವಿಂಡೋಸ್ ಮೂವಿ ಮೇಕರ್ ಮುಗಿಯಿತು. ಇವತ್ತು ನೀವು ಬಳಸುತ್ತಿರುವುದಕ್ಕೂ ಒಂದು ದಿನ ಬರುತ್ತದೆ.

ಇಲ್ಲಿ ಒಂದು ಮಾತು ಸರಿಯಾಗಿ ತಿಳಿದುಕೊಳ್ಳಬೇಕು. ಲ್ಯಾಪ್‌ಟಾಪ್ ಸಾಫ್ಟ್‌ವೇರ್‌ಗಳ ಪ್ರಾಜೆಕ್ಟ್ ಫೈಲ್‌ನಲ್ಲಿ ಸಾಮಾನ್ಯವಾಗಿ ವಿಡಿಯೊ ಇರುವುದಿಲ್ಲ. ಯಾವ ಕ್ಲಿಪ್ ಎಲ್ಲಿದೆ, ಎಷ್ಟನೇ ಸೆಕೆಂಡಿಗೆ ಕತ್ತರಿಸಬೇಕು ಅನ್ನುವ ಚೀಟಿ ಅಷ್ಟೇ ಅದು. ಆ ಚೀಟಿಯ ಭಾಷೆ ಒಂದೊಂದು ಸಾಫ್ಟ್‌ವೇರ್‌ಗೆ ಒಂದೊಂದು. ಕೈನ್‌ಮಾಸ್ಟರ್‌ನ ಪ್ರಾಜೆಕ್ಟ್ ಪ್ರೀಮಿಯರ್‌ನಲ್ಲಿ ತೆರೆಯುವುದಿಲ್ಲ. ಪ್ರೀಮಿಯರ್‌ನಿಂದ ಡಾವಿಂಚಿ ರಿಸಾಲ್ವ್‌ಗೆ ಹೋಗುವಾಗ ಎಕ್ಸ್ಎಂಎಲ್ ಫೈಲ್ ಮಾಡಿ ಒಯ್ಯಬಹುದು. ಆದರೆ ಕಟ್‌ಗಳು ಬರುತ್ತವೆ, ಎಫೆಕ್ಟ್ ಮತ್ತು ಟೈಟಲ್‌ಗಳು ಬಹಳಷ್ಟು ಹಿಂದೆಯೇ ಉಳಿಯುತ್ತವೆ. ಹಳೆಯ ಪ್ರಾಜೆಕ್ಟ್ ಹೊಸದರಲ್ಲಿ ಪೂರ್ತಿ ತೆರೆಯುತ್ತದೆ ಅನ್ನುವ ಆಸೆಯನ್ನು ಮೊದಲೇ ಬಿಡಿ.

ಹಾಗಾದರೆ ಏನು ಮಾಡಬೇಕು?

ಒಂದು, ಬಿತ್ತುವ ಹೊತ್ತಿಗೆ ಎತ್ತು ಬದಲಿಸಬೇಡಿ. ಮದುವೆ ಸೀಸನ್ ನಡುವೆ, ಒಪ್ಪಿಕೊಂಡ ಕೆಲಸದ ನಡುವೆ ಸಾಫ್ಟ್‌ವೇರ್ ಬದಲಿಸಬಾರದು. ಹಿಡಿದ ಕೆಲಸ ಹಳೆಯದರಲ್ಲೇ ಮುಗಿಸಿ, ಹೊಸದರಲ್ಲಿ ಎರಡು ನಿಮಿಷದ ಸಣ್ಣ ವಿಡಿಯೊದಿಂದ ಶುರು ಮಾಡಿ.

ಎರಡು, ಆ್ಯಪ್ ಹೊರಗೆ ಫೋಲ್ಡರ್ ಇರಲಿ. ದಿನಾಂಕ, ಊರು, ವಿಷಯ ಬರೆದ ಒಂದು ಫೋಲ್ಡರ್. ಅದರೊಳಗೆ ಮೂಲ ವಿಡಿಯೊ, ಧ್ವನಿ, ಫೋಟೊ, ಮುಗಿದ ವಿಡಿಯೊ ಬೇರೆ ಬೇರೆ. ಮುಗಿದದ್ದರ ಇನ್ನೊಂದು ಪ್ರತಿಯನ್ನು ಅಕ್ಷರ, ಸಂಗೀತ ಏನೂ ಇಲ್ಲದೆ ತೆಗೆದಿಡಿ. ಮುಂದೆ ಯಾವ ಸಾಫ್ಟ್‌ವೇರ್ ಬಂದರೂ ಅದರ ಮೇಲೆ ಹೊಸದಾಗಿ ಬರೆಯಬಹುದು.

ಮೂರು, ಕನ್ನಡ ಅಕ್ಷರ ಮೊದಲೇ ಪರೀಕ್ಷಿಸಿ. ನುಡಿ, ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಬೇಡುವ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್ ಇದ್ದರೂ ಕೆಲವೆಡೆ ಒತ್ತಕ್ಷರ ಒಡೆಯುತ್ತವೆ. ಪ್ರೀಮಿಯರ್‌ನಲ್ಲಿ ಸೌತ್ ಏಷ್ಯನ್ ಟೆಕ್ಸ್ಟ್ ಎಂಜಿನ್ ಆಯ್ಕೆ ಮಾಡಿಕೊಳ್ಳಬೇಕು. ‘ಸಿದ್ಧೇಶ್ವರ’, ‘ಮುದ್ದೇಬಿಹಾಳ’ ಅಂತ ಟೈಪ್ ಮಾಡಿ ನೋಡಿ. ಅವು ಸರಿ ಬಂದರೆ ಮುಂದಿನ ಮಾತು. ಊರ ಹೆಸರೇ ಒಡೆದು ಬರುವ ಸಾಫ್ಟ್‌ವೇರ್ ಎಷ್ಟು ಚೆಂದ ಇದ್ದರೂ ನಮಗಲ್ಲ.

ನಾಲ್ಕು, ಫೋನ್ ವಿಡಿಯೊವನ್ನು ನೇರ ಲ್ಯಾಪ್‌ಟಾಪ್‌ಗೆ ಹಾಕುವ ಮೊದಲು ತಡೆಯಿರಿ. ಬಹಳಷ್ಟು ಫೋನ್‌ಗಳು ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ಒಂದೇ ಸಮ ಚಿತ್ರೀಕರಿಸುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಹತ್ತು ನಿಮಿಷ ಹೋಗುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಬಹುದು. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಫ್ರೇಮ್ ರೇಟನ್ನು ಸ್ಥಿರ ಮಾಡಿಕೊಂಡರೆ ಈ ತಾಪತ್ರಯ ತಪ್ಪುತ್ತದೆ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಪ್ರಾಕ್ಸಿ ಬಳಸಿ, ಅಂದರೆ ಸಣ್ಣ ಗಾತ್ರದ ನಕಲಿನ ಮೇಲೆ ಕತ್ತರಿಸಿ, ಕೊನೆಗೆ ಮೂಲದಿಂದ ವಿಡಿಯೊ ತೆಗೆಯುವುದು.

ಐದು, ಕದ್ದ ಸಾಫ್ಟ್‌ವೇರ್ ಬೇಡ. ಕ್ರ್ಯಾಕ್ ಜೊತೆ ವೈರಸ್ ಬಂದರೆ ಹೋಗುವುದು ಒಬ್ಬರ ಮದುವೆಯ ನೆನಪು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ವಿಡಿಯೊ ಮೇಲೆ ತನ್ನ ಹೆಸರು ಒತ್ತುವುದಿಲ್ಲ, ಆದರೆ ಗಟ್ಟಿ ಕಂಪ್ಯೂಟರ್ ಬೇಡುತ್ತದೆ. ಶಾಟ್‌ಕಟ್, ಕೆಡೆನ್‌ಲೈವ್ ಹಗುರ, ಉಚಿತ, ಪ್ರಾಕ್ಸಿ ಸೌಲಭ್ಯವೂ ಇದೆ. ಪ್ರೀಮಿಯರ್‌ನ ಶಾರ್ಟ್‌ಕಟ್ ಕೀಗಳು ರೂಢಿಯಾಗಿದ್ದರೆ ರಿಸಾಲ್ವ್‌ನಲ್ಲಿ ಅವನ್ನೇ ಇಟ್ಟುಕೊಳ್ಳುವ ಆಯ್ಕೆ ಇದೆ, ಬೆರಳಿಗೆ ಹೊಸ ಪಾಠ ಬೇಕಿಲ್ಲ.

‘ನನಗೆ ಫೋನ್ ಆ್ಯಪ್ ಸಾಕು, ಯಾಕೆ ಬದಲಿಸಬೇಕು?’ ಅನ್ನುವವರೂ ಇದ್ದಾರೆ. ಅವರ ಮಾತು ಸರಿಯೇ. ಸಾಕಾಗಿದ್ದರೆ ಬದಲಿಸಬೇಡಿ. ಯಾರೋ ಯೂಟ್ಯೂಬ್‌ನಲ್ಲಿ ಹೇಳಿದರು ಅಂತ ಸಾಲ ಮಾಡಿ ಲ್ಯಾಪ್‌ಟಾಪ್ ತರುವುದು ಜಾಣತನವಲ್ಲ. ಆದರೆ ಫೋಲ್ಡರ್ ಮಾತು ನಿಮಗೂ ಬೇಕು. ಫೋನ್ ಬಿದ್ದು ಒಡೆದರೂ ಆ್ಯಪ್ ಹೋದಂತೆಯೇ ಅಲ್ಲವೇ?

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಇಂಡಿ, ಸಿಂದಗಿ ಕಡೆಯ ಹೊಲಗಳಿಗೆ ನುಗ್ಗಿತು. ಆಗ ಸಾವಿರಾರು ಫೋನ್‌ಗಳು ಅದನ್ನು ಚಿತ್ರೀಕರಿಸಿದವು. ಇವತ್ತು ಆ ಮೂಲ ವಿಡಿಯೊ ಎಷ್ಟು ಜನರ ಹತ್ತಿರ ಉಳಿದಿದೆ? ಹಾಡು ಹಾಕಿ ಕತ್ತರಿಸಿದ ಮೂವತ್ತು ಸೆಕೆಂಡ್ ಸಿಗಬಹುದು. ಅದರಲ್ಲಿ ದಿನಾಂಕ ಇಲ್ಲ, ಯಾರ ಹೊಲ ಅನ್ನುವುದಿಲ್ಲ, ಮಾತಾಡಿದ ರೈತನ ದನಿ ಹಾಡಿನಡಿ ಮುಚ್ಚಿಹೋಗಿದೆ. ಆಲಮಟ್ಟಿಯಲ್ಲಿ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಅದು ಆದರೆ ಹಿನ್ನೀರಿನ ದಂಡೆಯ ಇನ್ನಷ್ಟು ಊರು, ಹೊಲ ಮುಳುಗುತ್ತವೆ. ಅಲ್ಲಿನ ಗುಡಿ, ಬಾವಿ, ಅಗಸಿ, ಬೆಳೆ ಹೇಗಿದ್ದವು ಅಂತ ನಾಳೆ ಮೊಮ್ಮಕ್ಕಳಿಗೆ ತೋರಿಸಬೇಕಾದವರು ನಾವೇ. ಪರಿಹಾರದ ಮಾತು ಬಂದಾಗಲೂ ಕತ್ತರಿಸದ ವಿಡಿಯೊಗೆ ಇರುವ ತೂಕ ರೀಲ್ಸ್‌ಗೆ ಇರುವುದಿಲ್ಲ.

ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳುವ ಮೊದಲು, ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಫೋನ್‌ನಲ್ಲಿರುವ ನಿಮ್ಮ ಊರಿನ ಮೂಲ ವಿಡಿಯೊಗಳನ್ನು ಒಂದು ಪೆನ್‌ಡ್ರೈವ್‌ಗೋ ಹಾರ್ಡ್‌ಡಿಸ್ಕ್‌ಗೋ ಹಾಕಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಗುಣಮಟ್ಟ ಕುಗ್ಗುತ್ತದೆ. ದಿನಾಂಕ, ಊರ ಹೆಸರು ಬರೆಯಿರಿ. ಆಮೇಲೆ ಯಾವ ಆ್ಯಪ್ ಬಂದರೂ ಬರಲಿ, ಹೋದರೂ ಹೋಗಲಿ.