ಉಪ್ಪು ನೀರಿನಲ್ಲಿ ಆಯಿಯ ಉಂಗುರ

ಬಬಲೇಶ್ವರದಿಂದ ಏಳನೆಯ ತರಗತಿಯ ಹುಡುಗನೊಬ್ಬ ಕಾಗದ ಬರೆದಿದ್ದಾನೆ. ಹೋದ ದೀಪಾವಳಿ ರಜೆಯಲ್ಲಿ ಮನೆಮಂದಿಯೆಲ್ಲ ಗೋಕರ್ಣಕ್ಕೆ ಹೋಗಿದ್ದರಂತೆ. ಸಮುದ್ರದಲ್ಲಿ ಸ್ನಾನ ಮಾಡುವಾಗ ಅವನ ಆಯಿಯ ಬೆರಳಿನಿಂದ ಬಂಗಾರದ ಉಂಗುರ ಜಾರಿ ಹೋಯಿತು. ಮುತ್ಯಾ ಮದುವೆಯಲ್ಲಿ ತೊಡಿಸಿದ್ದ ಉಂಗುರ ಅದು. ಮುತ್ಯಾ ಈಗ ಇಲ್ಲ. ಆಯಿ "ಹೋಗಲಿ ಬಿಡು, ಸಮುದ್ರದ ಪಾಲು" ಎನ್ನುತ್ತಾರೆ, ಆದರೆ ಖಾಲಿ ಬೆರಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾರೆ ಎಂದು ಬರೆದಿದ್ದಾನೆ. ಅವನ ಹುಂಡಿಯ ದುಡ್ಡಿಗೆ ಕಾಕಾ ಅಷ್ಟೇ ದುಡ್ಡು ಸೇರಿಸುತ್ತಾರಂತೆ. ನೀರಿನಲ್ಲಿ ಕೆಡದ ಮೆಟಲ್ ಡಿಟೆಕ್ಟರ್ ಯಾವುದು ಕೊಳ್ಳಲಿ ಎಂಬುದು ಅವನ ಪ್ರಶ್ನೆ. ಕಾಗದದ ಕೊನೆಗೆ ಇನ್ನೊಂದು ಸಾಲು: ಉಂಗುರ ಸಿಗದಿದ್ದರೆ ನಮ್ಮೂರ ಹಳೆಯ ಬಾವಿಗಳಲ್ಲಿ, ವಿಜಯಪುರದ ಬಾವಡಿಗಳಲ್ಲಿ ನಿಧಿ ಹುಡುಕಬಹುದಲ್ಲವೇ?

ಕೊನೆಯ ಸಾಲಿಗೆ ಉತ್ತರವನ್ನೂ ಕೊನೆಗೇ ಹೇಳುತ್ತೇನೆ, ತಮ್ಮಾ. ಮೊದಲು ಈ ಯಂತ್ರದ ಗುಟ್ಟು ತಿಳಿದುಕೋ. ಗುಟ್ಟು ತಿಳಿಯದೆ ಅಂಗಡಿಗೆ ಹೋದರೆ ಅಂಗಡಿಯವ ಹೇಳಿದ್ದೇ ವೇದ.

ಡಿಟೆಕ್ಟರಿನ ಕೆಳತುದಿಯಲ್ಲಿ ತಟ್ಟೆಯಂತಹ ಭಾಗ ಇರುತ್ತದೆ. ಅದರೊಳಗೆ ತಂತಿಯ ಸುರುಳಿ. ಅದಕ್ಕೆ ಕಾಯಿಲ್ ಎನ್ನುತ್ತಾರೆ. ಅದರಲ್ಲಿ ವಿದ್ಯುತ್ ಹಿಂದೆ ಮುಂದೆ ಓಡಾಡುವಾಗ ಸುತ್ತ ಅಯಸ್ಕಾಂತದ ಕ್ಷೇತ್ರ ಹುಟ್ಟುತ್ತದೆ. ಆ ಕ್ಷೇತ್ರದಲ್ಲಿ ಲೋಹ ಸಿಕ್ಕರೆ ಲೋಹದೊಳಗೂ ಪುಟ್ಟ ಸುಳಿಗಳಂತೆ ವಿದ್ಯುತ್ ಸುತ್ತತೊಡಗುತ್ತದೆ. ಆ ಸುಳಿಗಳು ತಿರುಗಿ ತಮ್ಮದೇ ಕ್ಷೇತ್ರ ಕಳಿಸುತ್ತವೆ. ಯಂತ್ರ ಅದನ್ನು ಹಿಡಿದು "ಪೀಂ" ಎನ್ನುತ್ತದೆ. ಅಷ್ಟೇ. ಅದು ಬಂಗಾರವನ್ನು ಹುಡುಕುವುದಿಲ್ಲ. ವಿದ್ಯುತ್ ಹರಿಯಬಲ್ಲ ಯಾವುದೇ ವಸ್ತುವಿಗೆ ಕೂಗುತ್ತದೆ.

ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದನ್ನು ಕಷ್ಟಪಟ್ಟು ಕಲಿತ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿತ್ತು. ಮೈಯೊಳಗೆ ಗುಂಡು ಎಲ್ಲಿದೆ ಎಂದು ವೈದ್ಯರಿಗೆ ತಿಳಿಯದು, ಎಕ್ಸ್‌ರೇ ಇನ್ನೂ ಬಂದಿರಲಿಲ್ಲ. ಬೆಲ್ ಒಂದು ಲೋಹಶೋಧಕ ಮಾಡಿಕೊಂಡು ಬಂದ. ಆದರೆ ಅಧ್ಯಕ್ಷರ ಹಾಸಿಗೆಯಲ್ಲಿ ಉಕ್ಕಿನ ಸ್ಪ್ರಿಂಗುಗಳಿದ್ದವು, ಅದರಿಂದ ಯಂತ್ರಕ್ಕೆ ಗೊಂದಲವಾಯಿತು. ಸಾಲದ್ದಕ್ಕೆ ವೈದ್ಯರು ಬಲಗಡೆ ಮಾತ್ರ ಹುಡುಕಲು ಬಿಟ್ಟರು, ಗುಂಡು ಎಡಗಡೆ ಇತ್ತು. ಅಧ್ಯಕ್ಷರು ಉಳಿಯಲಿಲ್ಲ.

ನಿನ್ನ ತೊಂದರೆ ಹಾಸಿಗೆಯದಲ್ಲ, ನೀರಿನದು. ಉಪ್ಪು ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಹಾಗಾಗಿ ಸಮುದ್ರವೂ ಒಂದು ದೊಡ್ಡ ಲೋಹದಂತೆ ಯಂತ್ರಕ್ಕೆ ಉತ್ತರ ಕೊಡುತ್ತದೆ. ಆ ಗದ್ದಲದಲ್ಲಿ ಪುಟ್ಟ ಉಂಗುರದ ದನಿ ಕೇಳಬೇಕು, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಅಳು ಕೇಳಿದ ಹಾಗೆ. ನಿಮ್ಮ ತಾಲೂಕಿನಲ್ಲೇ ಹರಿಯುವ ಡೋಣಿಯ ನೀರು ಬಾಯಿಗೆ ಇಟ್ಟರೆ ಉಪ್ಪು ಎಂದು ನಿಮ್ಮ ಹಿರಿಯರಿಗೆ ಗೊತ್ತು. ಬರಿಯ ಸಿಹಿನೀರಿಗೆಂದು ಹೊಂದಿಸಿದ ಯಂತ್ರ ಅಂತಹ ಕಡೆ ಕಾರಣವಿಲ್ಲದೆ ಕಿರುಚಬಹುದು. ಸಮುದ್ರ ಅದಕ್ಕಿಂತ ಎಷ್ಟೋ ಪಾಲು ಉಪ್ಪು. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ.

ಆದ್ದರಿಂದ "ವಾಟರ್‌ಪ್ರೂಫ್" ಎಂಬ ಒಂದೇ ಮಾತು ನಂಬಬೇಡ. ನೀರು ಒಳಗೆ ಹೋಗದಿರುವುದು ಬೇರೆ, ಉಪ್ಪು ನೀರಿನಲ್ಲಿ ಸರಿಯಾಗಿ ಕೇಳಿಸಿಕೊಳ್ಳುವುದು ಬೇರೆ. ಒಂದೇ ಕಂಪನಾಂಕದಲ್ಲಿ ಕೆಲಸ ಮಾಡುವ ಯಂತ್ರಗಳು ಹೊಲಕ್ಕೆ, ಕೆರೆ ದಂಡೆಗೆ, ಒಣ ಮರಳಿಗೆ ಸಾಕು. ಅಮೆರಿಕದ ಗ್ಯಾರೆಟ್ ಕಂಪನಿಯ ಎಟಿ ಪ್ರೊ ಅಂಥದ್ದು. ಮೂರು ಮೀಟರ್ ಆಳದವರೆಗೆ ಮುಳುಗಿಸಬಹುದು, ಆದರೆ ಒದ್ದೆ ಉಪ್ಪು ಮರಳಿನಲ್ಲಿ ಅದರ ಕಿವಿಯನ್ನು ತುಸು ಮಂದ ಮಾಡಿಕೊಳ್ಳಬೇಕಾಗುತ್ತದೆ. ಒಟ್ಟಿಗೆ ಹಲವು ಕಂಪನಾಂಕ ಬಳಸುವ ಮಲ್ಟಿ ಫ್ರೀಕ್ವೆನ್ಸಿ ಯಂತ್ರಗಳು ಉಪ್ಪಿನ ಗದ್ದಲವನ್ನು ಲೆಕ್ಕ ಹಾಕಿ ಕಳೆದುಬಿಡುತ್ತವೆ. ಆಸ್ಟ್ರೇಲಿಯಾದ ಮೈನ್‌ಲ್ಯಾಬ್‌ನ ಈಕ್ವಿನಾಕ್ಸ್ 800 ಮೂರು ಮೀಟರಿಗೆ, ಅದರ ತಮ್ಮ ಈಕ್ವಿನಾಕ್ಸ್ 900 ಐದು ಮೀಟರಿಗೆ. ಟರ್ಕಿಯ ನೋಕ್ತಾ ಕಂಪನಿಯ ಲೆಜೆಂಡ್ ಕೂಡ ಇದೇ ಜಾತಿ.

ಮೂರನೆಯ ಬಗೆಗೆ ಪಲ್ಸ್ ಇಂಡಕ್ಷನ್ ಎನ್ನುತ್ತಾರೆ. ಅದು ಒಮ್ಮೆ ಕೂಗಿ, ಸುಮ್ಮನಾಗಿ, ಕಿವಿಗೊಡುತ್ತದೆ. ಉಪ್ಪು ಅದಕ್ಕೆ ಅಷ್ಟು ಲೆಕ್ಕಕ್ಕಿಲ್ಲ, ಆಳಕ್ಕೂ ಹೋಗುತ್ತದೆ. ಆದರೆ ಮೊಳೆಗೂ ಬಂಗಾರಕ್ಕೂ ವ್ಯತ್ಯಾಸ ಹೇಳುವುದರಲ್ಲಿ ಹಿಂದೆ. ಗ್ಯಾರೆಟ್‌ನ ಸೀ ಹಂಟರ್ ಇಂಥದ್ದು. ಅದನ್ನೂ ಮೈನ್‌ಲ್ಯಾಬ್‌ನ ಎಕ್ಸ್‌ಕ್ಯಾಲಿಬರ್ ಅನ್ನೂ ಅರವತ್ತು ಮೀಟರ್ ಆಳಕ್ಕೆ ಮಾಡಿದ್ದಾರೆ. ಅವು ಬೆನ್ನಿಗೆ ಸಿಲಿಂಡರ್ ಕಟ್ಟಿ ಮುಳುಗುವವರಿಗೆ. ಸೊಂಟದ ನೀರಿನಲ್ಲಿ ಬಿದ್ದ ಉಂಗುರಕ್ಕೆ ಅರವತ್ತು ಮೀಟರಿನ ಯಂತ್ರವೇಕೆ? ಆ ಹಣದಲ್ಲಿ ಆಯಿಗೆ ಹೊಸ ಉಂಗುರವೇ ಮಾಡಿಸಬಹುದು.

ಪೆಟ್ಟಿಗೆಯ ಮೇಲೆ ಐಪಿ ಎಂದು ಬರೆದ ಅಂಕಿಯನ್ನು ಓದು. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ. ಐಪಿ68 ಎಂದರೆ ಅದಕ್ಕಿಂತ ಹೆಚ್ಚು, ಆದರೆ ಎಷ್ಟು ಎಂದು ಕಂಪನಿಯೇ ಬರೆದಿರಬೇಕು, ಬರೆದಿಲ್ಲದಿದ್ದರೆ ಕೇಳು. ಅಗ್ಗದ ಯಂತ್ರಗಳಲ್ಲಿ ಹಲವಕ್ಕೆ ಕೆಳಗಿನ ತಟ್ಟೆ ಮಾತ್ರ ವಾಟರ್‌ಪ್ರೂಫ್, ಮೇಲಿನ ಡಬ್ಬಿಗೆ ಒಂದು ತೆರೆ ಬಡಿದರೆ ಮುಗಿಯಿತು. ಜಾಹೀರಾತಿನಲ್ಲಿ ಆ ಮಾತು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಜ್ಜಂದಿರು ಕನ್ನಡಕ ಹಾಕಿಕೊಂಡು ಓದಬೇಕಾದ ಜಾಗ ಅದೇ. ರೈಲು ನಿಲ್ದಾಣದಲ್ಲಿ ಪೊಲೀಸರು ಮೈಸವರುವ ಕೋಲನ್ನು "ಇದೂ ಅದೇ" ಎಂದು ಯಾರಾದರೂ ಕೊಟ್ಟರೆ ಕೊಳ್ಳಬೇಡ.

ಇನ್ನು ಬಂಗಾರದ ವಿಚಾರ. ಈ ಯಂತ್ರಗಳ ಪರದೆಯ ಮೇಲೆ ಒಂದು ಅಂಕಿ ಬರುತ್ತದೆ, ಅದರಿಂದ ಲೋಹದ ಬಗೆಯನ್ನು ಊಹಿಸಬಹುದು. ಸಣ್ಣ ಬಂಗಾರದ ಉಂಗುರಕ್ಕೂ ಅಲ್ಯುಮಿನಿಯಂ ಚೂರಿಗೂ ಹೆಚ್ಚುಕಡಿಮೆ ಒಂದೇ ಅಂಕಿ ಬರುವುದುಂಟು. ದಂಡೆಯ ಮೇಲೆ ಗುಳಿಗೆ ಚೀಟಿ, ತಂಪು ಪಾನೀಯದ ಡಬ್ಬಿಯ ಕೊಂಡಿ ಎಷ್ಟು ಬಿದ್ದಿರುತ್ತವೆ ನೋಡು. "ಕಸಕ್ಕೆ ಕೂಗಬೇಡ" ಎಂದು ಯಂತ್ರಕ್ಕೆ ಹೇಳಿದರೆ ಅದು ಆಯಿಯ ಉಂಗುರಕ್ಕೂ ಸುಮ್ಮನಿರಬಹುದು. ಬಂಗಾರ ಬೇಕಾದವರು ಕಸವನ್ನೂ ಅಗೆಯಬೇಕು.

ಆಯಿಯರಿಗೆ ಒಂದು ಮಾತು. ಕಳೆದದ್ದು ಉಂಗುರ ಎಂಬುದೇ ನಿಮ್ಮ ಪುಣ್ಯ. ಉಂಗುರ ಮುಚ್ಚಿದ ಬಳೆಯ ಆಕಾರ, ಅದರಲ್ಲಿ ವಿದ್ಯುತ್ ಸರಾಗವಾಗಿ ಸುತ್ತುತ್ತದೆ, ದನಿ ಸ್ಪಷ್ಟ. ಎಳೆ ಸರವಾಗಿದ್ದರೆ ಕಷ್ಟ. ತೂಕ ಹೆಚ್ಚಿದ್ದರೂ ಯಂತ್ರಕ್ಕೆ ಅದು ಒಂದೊಂದೇ ಪುಟ್ಟ ಕೊಂಡಿ, ಹೆಚ್ಚಿನವು ಕೇಳಿಸುವುದೇ ಇಲ್ಲ. ಸಮುದ್ರಕ್ಕೆ ಇಳಿಯುವ ಮೊದಲು ಸರ, ಉಂಗುರ ಬಿಚ್ಚಿ ಸೊಸೆಯ ಚೀಲದಲ್ಲಿ ಇಡಿ. ತಣ್ಣೀರಿಗೆ ಬೆರಳು ಸಣ್ಣಗಾಗುತ್ತದೆ, ಎಣ್ಣೆ ಹಚ್ಚಿದ ಮೈ ಬೇರೆ.

ಮಕ್ಕಳು ಸೇತುವೆಯ ಕೆಳಗೆ ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ನಾಣ್ಯ ಎತ್ತುವುದನ್ನು ನೋಡಿರಬಹುದು. ಅದರಿಂದ ಆಗುವುದಿಲ್ಲವೇ ಎಂದು ಕೇಳಬೇಡ. ಮನೆಯಲ್ಲೇ ನೋಡು. ಉಕ್ಕಿನ ಒಂದು ರೂಪಾಯಿ ಅಯಸ್ಕಾಂತಕ್ಕೆ ಅಂಟುತ್ತದೆ, ಹಳದಿ ಬಣ್ಣದ ಐದು ರೂಪಾಯಿ ಅಂಟುವುದಿಲ್ಲ, ಅಮ್ಮನ ಬಂಗಾರದ ಬಳೆಯಂತೂ ಇಲ್ಲವೇ ಇಲ್ಲ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿಸು. ಪ್ಲಾಸ್ಟಿಕ್ ಬಕೀಟಿನಲ್ಲಿ ಹತ್ತು ಲೀಟರ್ ನೀರು, ಅದಕ್ಕೆ 350 ಗ್ರಾಂ ಉಪ್ಪು. ಕಬ್ಬಿಣದ ಅಥವಾ ಸ್ಟೀಲಿನ ಪಾತ್ರೆ ಬೇಡ, ಬೆಲ್‌ಗೆ ಆದದ್ದೇ ಆಗುತ್ತದೆ. ಹಿಡಿಕೆ ತಂತಿಯದಾಗಿದ್ದರೆ ಅದನ್ನೂ ಬಿಚ್ಚು. ಆಯಿಯ ಉಂಗುರದಷ್ಟೇ ತೂಕದ ಉಂಗುರವನ್ನು ದಾರ ಕಟ್ಟಿ ಒಳಗೆ ಬಿಡಿ. ಯಂತ್ರ ನೀರಿಗೇ ಕೂಗುತ್ತದೆಯೋ, ಉಂಗುರಕ್ಕೆ ಮಾತ್ರ ಕೂಗುತ್ತದೆಯೋ ಕೇಳಿಸಿಕೋ. ಅಂಗಡಿಯವರು ಇದಕ್ಕೆ ಒಪ್ಪದಿದ್ದರೆ ಬೇರೆ ಅಂಗಡಿ ನೋಡು.

ಆದರೂ ನನ್ನನ್ನು ಕೇಳಿದರೆ ಹುಂಡಿ ಒಡೆಯಬೇಡ. ಒಂದೇ ಉಂಗುರಕ್ಕಾಗಿ ಯಂತ್ರ ಕೊಳ್ಳುವುದಕ್ಕಿಂತ, ಇರುವವರನ್ನು ಹುಡುಕಿ ಒಂದು ದಿನದ ಮಟ್ಟಿಗೆ ಕರೆದುಕೊಂಡು ಹೋಗುವುದು ಮೇಲು. ಉಂಗುರ ಹೋದ ವಾರದಲ್ಲೇ ಹೋಗಿದ್ದರೆ ಆಸೆ ಜಾಸ್ತಿ ಇತ್ತು. ಬಂಗಾರ ಮರಳಿಗಿಂತ ಬಹಳ ಭಾರ. ತೆರೆ ಮರಳನ್ನು ಕದಡಿದಾಗಲೆಲ್ಲ ಅದು ಇನ್ನಷ್ಟು ಕೆಳಗಿಳಿಯುತ್ತದೆ, ಮಳೆಗಾಲದ ತೆರೆಗಳಂತೂ ದಂಡೆಯನ್ನೇ ಬದಲಿಸುತ್ತವೆ. ಈಗ ಸಿಕ್ಕರೆ ಅದೃಷ್ಟ. ಸಿಗುವುದೇ ಇಲ್ಲ ಎನ್ನಲಾರೆ.

ಹೋಗುವುದಾದರೆ ಪಂಚಾಂಗ ನೋಡಿ ಹೋಗು. ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ಇಳಿತದ ಹೊತ್ತಿನಲ್ಲಿ ನೀರು ಎಲ್ಲಕ್ಕಿಂತ ಹಿಂದೆ ಸರಿಯುತ್ತದೆ, ಆಗ ಸೊಂಟದ ನೀರಿದ್ದ ಜಾಗ ಮೊಣಕಾಲಿಗೆ ಬರಬಹುದು. ಇಳಿತ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡ. ಆಯಿಯನ್ನೂ ಕರೆದುಕೊಂಡು ಹೋಗಿ ದಂಡೆಯಲ್ಲಿ ಕುರ್ಚಿ ಹಾಕು. ಎಲ್ಲಿ ಸೀರೆ ಒಣಗಹಾಕಿದ್ದರು, ಯಾವ ಕಡೆ ಮುಖ ಮಾಡಿ ನಿಂತಿದ್ದರು ಎಂದು ಅವರಿಗೆ ನೆನಪಿರುತ್ತದೆ, ಅದು ಯಂತ್ರಕ್ಕಿಂತ ಹೆಚ್ಚಿನ ಗುರುತು. ಜೊತೆಗೆ ಬುಂದಿ ಕರಿಯುವ ಝಾರಾದಂತಹ ತೂತಿನ ಸಲಿಕೆ ಬೇಕು. ಉದ್ದ ಹಿಡಿಕೆಯದಾದರೆ ಬಗ್ಗಬೇಕಿಲ್ಲ, ಮರಳು ಸೋರಿ ವಸ್ತು ಉಳಿಯುತ್ತದೆ. ಮಳೆಗಾಲದಲ್ಲಿ ಮಾತ್ರ ಬೇಡ. ಯಂತ್ರ ಕೈಯಲ್ಲಿದ್ದರೆ ಕಣ್ಣು ಕೆಳಗೇ ಇರುತ್ತದೆ, ತೆರೆ ಬಂದದ್ದು ಕಾಣುವುದಿಲ್ಲ. ದೊಡ್ಡವರೊಬ್ಬರು ಸಮುದ್ರವನ್ನೇ ನೋಡುತ್ತ ನಿಂತಿರಬೇಕು.

ನೀರಿನ ಕೆಳಗೆ ಲೋಹ ಹುಡುಕುವುದು ಎಷ್ಟು ಕಷ್ಟ ಎಂದು ನಮ್ಮ ರಾಜ್ಯ 2024ರಲ್ಲಿ ಕಂಡಿತು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಗೋಕರ್ಣದ ಹತ್ತಿರವೇ ಸಮುದ್ರ ಸೇರುವ ಗಂಗಾವಳಿ ನದಿಗೆ ಮಣ್ಣು, ಜನ, ವಾಹನ ಬಿದ್ದವು. ಒಂದು ಲಾರಿಯನ್ನು ಹುಡುಕಲು ನೌಕಾಪಡೆ ಬಂತು. ನಿವೃತ್ತ ಮೇಜರ್ ಜನರಲ್ ಇಂದ್ರಬಾಲನ್ ಅವರ ತಂಡ ಡ್ರೋನ್‌ಗೆ ಉಪಕರಣ ಕಟ್ಟಿ ನದಿಯ ಮೇಲೆ ಹಾರಿಸಿತು. ಒಂದಲ್ಲ, ಹಲವು ಕಡೆ ಲೋಹ ಇದೆ ಎಂದು ಉಪಕರಣ ತೋರಿಸಿತು. ಯಾವುದು ಲಾರಿ? ಸೆಳವು ಎಷ್ಟಿತ್ತೆಂದರೆ ಮುಳುಗುಗಾರರು ತಳ ಮುಟ್ಟುವುದೇ ಕಷ್ಟವಾಯಿತು. ಕೊನೆಗೆ ಗೋವಾದಿಂದ ಹೂಳೆತ್ತುವ ಡ್ರೆಜರ್ ಬಂದು, ಸೆಪ್ಟೆಂಬರ್ 25ರಂದು ಲಾರಿ ಮೇಲೆ ಬಂತು. ಎರಡು ತಿಂಗಳು ಕಾದಿದ್ದ ಮನೆಯವರಿಗೆ ಚಾಲಕನ ದೇಹವಾದರೂ ಸಿಕ್ಕಿತು. ಟನ್ನುಗಟ್ಟಲೆ ತೂಕದ ಲಾರಿಗೇ ಇಷ್ಟು ಪಾಡು.

ಈಗ ಬಾವಡಿ. ವಿಜಯಪುರದ ತಾಜ್ ಬಾವಡಿಯನ್ನು 1620ರಲ್ಲಿ, ಎರಡನೆಯ ಇಬ್ರಾಹಿಂ ಆದಿಲ್ ಶಾಹಿಯ ಕಾಲದಲ್ಲಿ ಮಲಿಕ್ ಸಂದಲ್ ಕಟ್ಟಿಸಿದ. ಅಂಥ ಜಾಗದ ಕೆಸರಿನಲ್ಲಿ ಹಳೆಯ ನಾಣ್ಯ ಇರಲಾರದು ಎಂದು ಯಾರು ಹೇಳಬಲ್ಲರು? ಆದಿಲ್ ಶಾಹಿಗಳ "ಲಾರಿ" ಎಂಬ ಬೆಳ್ಳಿ ನಾಣ್ಯವಂತೂ ದುಂಡಗಿರದೆ, ಬೆಳ್ಳಿ ತಂತಿಯನ್ನು ತಲೆಗೆ ಸಿಕ್ಕಿಸುವ ಪಿನ್ನಿನಂತೆ ಮಡಚಿ ಅಚ್ಚು ಒತ್ತಿದ್ದು. ಸಮುದ್ರ ವ್ಯಾಪಾರಕ್ಕೆ ಬಳಸುತ್ತಿದ್ದರು. ಗೊತ್ತಿಲ್ಲದವರು ಅದನ್ನು ತುಂಡು ತಂತಿ ಎಂದು ಎಸೆದಾರು. ಅದು ಯಾವ ಪದರದಲ್ಲಿ, ಯಾವ ಮಡಕೆ ಚೂರಿನ ಪಕ್ಕದಲ್ಲಿ ಇತ್ತು ಎಂಬುದರಿಂದ ಇತಿಹಾಸ ತಿಳಿಯುತ್ತದೆ. ಕಿತ್ತು ತಂದ ಮೇಲೆ ಬರಿಯ ಬೆಳ್ಳಿ.

ಕಾನೂನೂ ಹಾಗೇ ಹೇಳುತ್ತದೆ. 1878ರ ನಿಧಿ ಕಾಯ್ದೆ, ನೆಲದಲ್ಲಿ ಸಿಕ್ಕ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದಿತ್ತು. ಇಂದಿಗೂ ಸಿಕ್ಕಿದ್ದನ್ನು ಆಡಳಿತಕ್ಕೆ ತಿಳಿಸದೆ ಇಟ್ಟುಕೊಳ್ಳುವಂತಿಲ್ಲ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದೂ ಅಪರಾಧ. ನಿಧಿಯಾಸೆ ಏನು ಮಾಡುತ್ತದೆ ಎಂದು ಆನೆಗೊಂದಿಯಲ್ಲಿ ನೋಡಿದ್ದೇವೆ. 2019ರ ಜುಲೈಯಲ್ಲಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ರಾತ್ರೋರಾತ್ರಿ ಒಡೆದುಹಾಕಿದರು.

ನಿಮ್ಮೂರ ಹಳೆಯ ಬಾವಿಯ ಮಾತು ಬೇರೆಯೇ. ಅಲ್ಲಿ ಕಾನೂನಿಗಿಂತ ಮೊದಲು ಉಸಿರು. ಬಳಸದ ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ಇಳಿದವರು ಕೂಗುವ ಮೊದಲೇ ಕುಸಿಯುತ್ತಾರೆ, ಉಳಿಸಲು ಇಳಿದವರೂ ಕುಸಿಯುತ್ತಾರೆ. ಯಂತ್ರ ಎಷ್ಟೇ ವಾಟರ್‌ಪ್ರೂಫ್ ಆಗಿರಲಿ, ನೀನು ಇಳಿಯಕೂಡದು. ಕಾಕಾ ಕರೆದರೂ ಸರಿ, ಇಲ್ಲ ಎನ್ನು.

ಗೋಕರ್ಣದಲ್ಲಿ ಬೇರೆಯವರ ಉಂಗುರ ಸಿಕ್ಕರೆ ಹತ್ತಿರದ ಪೊಲೀಸ್ ಠಾಣೆಗೆ ಕೊಟ್ಟು ರಸೀದಿ ಕೇಳು. ಅವರ ಮನೆಯಲ್ಲೂ ಒಬ್ಬ ಆಯಿ ಇರಬಹುದು. ಅಗೆದ ತಗ್ಗು ಮುಚ್ಚು, ಸಿಕ್ಕ ಮೊಳೆ, ಡಬ್ಬಿ ಚೂರುಗಳನ್ನು ಮತ್ತೆ ಮರಳಿಗೆ ಹಾಕದೆ ಚೀಲದಲ್ಲಿ ತಾ. ಎರವಲು ಯಂತ್ರವಾದರೆ ಹಿಂದಿರುಗಿಸುವ ಮೊದಲು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚಾರ್ಜ್ ಮಾಡುವ ರಂಧ್ರ ಪೂರ್ತಿ ಒಣಗಿದ ಮೇಲೆಯೇ ವೈರು ಸಿಕ್ಕಿಸು.